ಮೇಸ್ತ್ರಿ ಹೇಳಿದ್ದರ ಮೂರು ಪ್ರತಿಗಳು

ನಮ್ಮ ಮನೆಯಲ್ಲಿ ಯಾರೂ ಯಾವುದನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಅದರಲ್ಲಿ ಜಗಳವೇನೂ ಇರಲಿಲ್ಲ, ಮನೆತನದ ಪದ್ಧತಿ ಅಷ್ಟೆ. ಅಮ್ಮ ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನ ತನಕ ಹೋಗಿ, ವಾಪಸು ಬಂದು ಇನ್ನೊಮ್ಮೆ ಎಳೆದು ನೋಡುತ್ತಿದ್ದಳು. ತಮಿಳುನಾಡಿನ ಗಡಿಯ ಹೊಸೂರಿನಲ್ಲಿ ಮೇಷ್ಟರಾಗಿದ್ದ ಅಪ್ಪ ಮಕ್ಕಳ ಅಂಕಪಟ್ಟಿಯನ್ನು ಮೂರು ಪ್ರತಿ ಬರೆಯುತ್ತಿದ್ದರು. ಒಂದು ಶಾಲೆಗೆ, ಒಂದು ಮನೆಯ ಟ್ರಂಕಿಗೆ. ಮೂರನೆಯದನ್ನು ಎಲ್ಲಿಡುತ್ತಾರೆಂದು ನಮಗೂ ಹೇಳುತ್ತಿರಲಿಲ್ಲ. ಅಜ್ಜಿ ಮಾತ್ರ "ಅನುಮಾನಂ ಪೆದ್ದ ರೋಗಂ", ಅನುಮಾನ ದೊಡ್ಡ ರೋಗ, ಎಂದು ತೆಲುಗಿನಲ್ಲಿ ಎಲ್ಲರನ್ನೂ ಹಂಗಿಸುತ್ತಿದ್ದಳು. ಹಾಗೆ ಹಂಗಿಸುವಾಗಲೂ ಆಕೆಯ ಒಂದು ಕೈ ಸೊಂಟದ ಬೀಗದ ಕೈ ಗೊಂಚಲಿನ ಮೇಲೇ ಇರುತ್ತಿತ್ತು.

ಇಂಥ ಮನೆಯಿಂದ ಹೋದ ನನಗೆ ಕಂಪ್ಯೂಟರಿನ ಕೆಲಸ ಸಿಕ್ಕಿದ್ದು ಹೇಳಿ ಮಾಡಿಸಿದ ಹಾಗಿತ್ತು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಊರಾಚೆಯ ಕಾರ್ಖಾನೆಯೊಂದರಲ್ಲಿ ನಾನು ಟೈಪಿಸ್ಟ್, ಅದೂ ತಾತ್ಕಾಲಿಕ. ಆ ವರ್ಷ ಅಲ್ಲಿಗೆ ಒಂದು ಕಂಪ್ಯೂಟರ್ ಬಂತು. ಅದಕ್ಕೊಂದು ಕೋಣೆ, ಕಿಟಕಿಗೆ ದಪ್ಪ ಪರದೆ, ತಂಪಿಗೆ ಏಸಿ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಮ್ಯಾನೇಜರ್ ಸಾಹೇಬರ ಕೋಣೆಗೂ ಇಲ್ಲದ ಮಡಿ ಅದಕ್ಕಿತ್ತು.

ಆ ಕಂಪ್ಯೂಟರಿಗೆ ತನ್ನದೆಂದು ಒಂದಕ್ಷರವನ್ನೂ ಇಟ್ಟುಕೊಳ್ಳುವ ಶಕ್ತಿ ಇರಲಿಲ್ಲ. ಕರೆಂಟು ಹೋದರೆ ಎಲ್ಲ ಮರೆತು ಕೂರುತ್ತಿತ್ತು. ಬರೆದದ್ದು ಉಳಿಯಬೇಕಾದರೆ ಫ್ಲಾಪಿಗೆ ಇಳಿಸಬೇಕು. ಅಂಗೈಗಿಂತ ಕೊಂಚ ಅಗಲದ, ಹಪ್ಪಳದಷ್ಟು ತೆಳ್ಳಗಿನ ಕಪ್ಪು ಚೌಕ ಅದು. ಕಾಗದದ ತೊಡುಗೆಯೊಳಗೆ ಇಡಬೇಕು, ಬಗ್ಗಿಸಬಾರದು, ಬೆರಳು ತಾಗಿಸಬಾರದು. ಇದನ್ನೆಲ್ಲ ಹೇಳಿಕೊಡಲು ಬೆಂಗಳೂರಿನಿಂದ ಒಬ್ಬ ಇಂಜಿನಿಯರ್ ಬಂದು ಎರಡು ದಿನ ಇದ್ದ. ಅವನು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಅವನು ಹೇಳದೆ ಬಿಟ್ಟದ್ದೇನಿರಬಹುದು ಎಂದು ಮನೆಗೆ ಹೋಗಿ ಯೋಚಿಸಿದೆ.

ನನಗೆ ಕೊಟ್ಟ ಕೆಲಸ ಒಂದೇ. ಕಾರ್ಖಾನೆಯ ಪ್ರೆಸ್ಸುಗಳಲ್ಲಿ ತಗಡಿನ ಭಾಗಗಳನ್ನು ಒತ್ತಿ ತೆಗೆಯುತ್ತಿದ್ದರು. ಒಂದೊಂದು ಭಾಗಕ್ಕೂ ಒಂದೊಂದು ಡೈ, ಅಂದರೆ ಉಕ್ಕಿನ ಅಚ್ಚು. ಅಂಥವು ನೂರಕ್ಕೂ ಹೆಚ್ಚಿದ್ದವು. ಅವನ್ನೆಲ್ಲ ಪ್ರೆಸ್ಸಿಗೆ ಕೂರಿಸುವುದರಲ್ಲಿ ಒಬ್ಬರೇ ನಿಷ್ಣಾತರು, ನಮ್ಮ ಟೂಲ್ ರೂಮಿನ ಮೇಸ್ತ್ರಿ. ಬೇರಿಕೆ ಎಂಬ ಊರಿನ ಆಚೆಯ ಹಳ್ಳಿಯವರು, ಮನೆಯಲ್ಲಿ ಬೇಸಾಯ, ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಕಾರ್ಖಾನೆ ಶುರುವಾದ ಎಪ್ಪತ್ತರ ದಶಕದಿಂದಲೂ ಇದ್ದವರು, ಆ ವರ್ಷ ದಸರೆ ಕಳೆದ ಮೇಲೆ ನಿವೃತ್ತಿ. ಅವರು ಹೋಗುವುದರೊಳಗೆ ಅವರ ತಲೆಯಲ್ಲಿದ್ದದ್ದು ಕಂಪ್ಯೂಟರಿಗೆ ಬರಬೇಕು. ಬಂದರೆ ನನ್ನ ಕೆಲಸ ಖಾಯಂ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಬಾರದಿದ್ದರೆ ಏನೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎಂಟು ತಿಂಗಳು ಮಧ್ಯಾಹ್ನದ ಊಟವಾದ ಮೇಲೆ ಮೇಸ್ತ್ರಿ ಪ್ರೆಸ್ಸಿನ ಪಕ್ಕ ನಿಂತು ಕೈಯಾಡಿಸುತ್ತಾ ಹೇಳುವುದು, ನಾನು ಗೀಚಿಕೊಂಡು ಹೋಗಿ ಇಂಗ್ಲಿಷಿನಲ್ಲಿ ಟೈಪ್ ಮಾಡುವುದು, ಅನುಮಾನ ಬಂದರೆ ಅವರನ್ನು ಕಂಪ್ಯೂಟರ್ ಕೋಣೆಗೇ ಕರೆಸಿ ಎದುರಿಗೆ ಕೂರಿಸಿಕೊಳ್ಳುವುದು. ನನಗೆ ಅನುಮಾನ ಬಾರದ ದಿನವೇ ಇರಲಿಲ್ಲ. ಟೈಪಾದ ಮೇಲೆ ಗೀಚಿದ ಚೀಟಿಗಳನ್ನು ಹರಿದು ಹಾಕಬೇಕೆಂಬುದು ಮ್ಯಾನೇಜರರ ಕಟ್ಟಪ್ಪಣೆ. ಪ್ರಿಂಟ್ ತೆಗೆಯುವುದೂ ಬೇಡ, ಎಲ್ಲ ಮುಗಿದ ಮೇಲೆ ಒಂದೇ ಸಲ ತೆಗೆದರಾಯಿತು ಎಂದಿದ್ದರು. ಕೊಯಮತ್ತೂರು ಕಡೆಯ ಅವರು ಅನುಮಾನದಲ್ಲಿ ನಮ್ಮ ಮನೆಗೆ ಅಳಿಯನಾಗಬಹುದಿತ್ತು. ಕಾಗದವಾದರೆ ಗೇಟು ದಾಟುತ್ತದೆ, ಪಕ್ಕದ ಕಾರ್ಖಾನೆಯವರ ಕೈಗೆ ಸೇರುತ್ತದೆ ಎಂಬ ಭಯ ಅವರಿಗೆ.

ಮೇಸ್ತ್ರಿಯ ವಿದ್ಯೆ ಯಾವ ಪುಸ್ತಕದ್ದೂ ಅಲ್ಲ. "ಈ ಡೈ ಐತಲ್ಲ, ಇದು ಬೋ ಮೊಂಡು ಕಣಮ್ಮ. ಎಡಗಡೆ ಮುಂದ್ಲ ಮೂಲೇಗೆ ಬೀಡಿ ಕಟ್ಟಿನ ಕಾಗ್ದ ಎಲ್ಡು ಮಡಿಕೆ ಮಾಡಿ ಅಡೀಗೆ ಮಡಗ್ಬೇಕು, ಆಗ್ಲೇ ಸಮ ಕೂರೋದು. ಚಳಿಗಾಲ್ದಾಗೆ ಒಂದೇ ಮಡಿಕೆ. ಬೆಳಗ್ಗೆ ಮೊದ್ಲ ಅತ್ತು ಪೀಸು ಲೆಕ್ಕಕ್ಕಿಲ್ಲ, ಬಿಸಾಕಿ ಬುಡು" ಎನ್ನುವರು. ಬೀಡಿ ಕಟ್ಟಿನ ಕಾಗದಕ್ಕೆ ಇಂಗ್ಲಿಷಿನಲ್ಲಿ ಏನು ಬರೆಯುವುದು? ಅಳತೆ ಮಾಡಿಸಿ ಅದರ ದಪ್ಪ ಬರೆದೆ. ಕೆಲವು ಡೈಗಳ ಹತ್ತಿರ ಬಂದಾಗ "ಇದ್ರದ್ದು ಆಮ್ಯಾಲೆ ಏಳ್ತೀನಿ" ಎಂದು ಮುಂದಕ್ಕೆ ಹೋಗಿಬಿಡುವರು. ಅಲ್ಲಿಗೆ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಕೈಕಸುಬಿನ ಮುದುಕರು ಕೊನೆಯ ಗುಟ್ಟನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ ಎಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಈತ ಏನು ಬಚ್ಚಿಡುತ್ತಿದ್ದಾರೆ? ದನಿ ಯಾಕೆ ಸಣ್ಣದಾಯಿತು? ಬಾಗಿಲ ಕಡೆ ಯಾಕೆ ನೋಡಿದರು? ಮೊಸರಿನಲ್ಲಿ ಕಲ್ಲು ಹುಡುಕುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಬರೆದದ್ದೆಲ್ಲ ಎರಡು ಫ್ಲಾಪಿಗಳಲ್ಲಿ ಹಿಡಿಯಿತು. ಅಪ್ಪನ ಮಗಳಾದ್ದರಿಂದ ನಾನು ಮೂರು ಪ್ರತಿ ಮಾಡುತ್ತಿದ್ದೆ. ಒಂದು ಜೋಡಿ ನನ್ನ ಮೇಜಿನ ಡ್ರಾದಲ್ಲಿ, ಒಂದು ಮ್ಯಾನೇಜರರ ಬೀರುವಿನಲ್ಲಿ, ಮೂರನೆಯದು ಟೂಲ್ ರೂಮಿನ ಕಪಾಟಿನಲ್ಲಿ. ಆ ಕಪಾಟಿನ ಬೀಗದ ಕೈ ಮೇಸ್ತ್ರಿಯ ಹತ್ತಿರ. ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಕಡೆ ಉಳಿಯಲಿ ಎಂದು ಬೆಂಗಳೂರಿನ ಇಂಜಿನಿಯರನೇ ಹೇಳಿದ್ದ. ಪ್ರತಿ ಶನಿವಾರ ಮೂರನ್ನೂ ತರಿಸಿ, ಹೊಸದಾಗಿ ಬರೆದದ್ದನ್ನು ಸೇರಿಸಿ, ಲಕೋಟೆಗೆ ಹಾಕಿ, ದಾರ ಸುತ್ತಿ, ನನ್ನದೇ ಗಂಟು ಹಾಕಿ ವಾಪಸು ಕೊಡುತ್ತಿದ್ದೆ. ಮೇಸ್ತ್ರಿ ನೋಡಿ ನಗುತ್ತಿದ್ದರು. "ನೀನು ಉಟ್ಟುವಾಗ್ಲೇ ಕೈಯಾಗೆ ಬೀಗ ಇಡ್ಕಂಡು ಬಂದೆಯೇನಮ್ಮ?"

ಆಗಸ್ಟಿನ ಒಂದು ಶನಿವಾರ ಟೂಲ್ ರೂಮಿನ ಲಕೋಟೆಯ ಗಂಟು ನನ್ನದಾಗಿರಲಿಲ್ಲ. ಮರುವಾರ ಊಟದ ಹೊತ್ತಿನಲ್ಲಿ ಸದ್ದಿಲ್ಲದೆ ಟೂಲ್ ರೂಮಿಗೆ ಹೋದೆ. ಮೇಸ್ತ್ರಿ ಒಬ್ಬರೇ ಕಿಟಕಿಯ ಹತ್ತಿರ ನಿಂತು, ಒಂದು ಫ್ಲಾಪಿಯನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದರು. ನಾನು ಕಾಣಿಸಿಕೊಳ್ಳದೆ ಹಿಂದೆ ಬಂದೆ. ಆತನಿಗೆ ಇಂಗ್ಲಿಷ್ ಓದಲು ಬಾರದು, ಕನ್ನಡವೂ ಕೂಡಿಸಿ ಕೂಡಿಸಿ ಓದುವಷ್ಟೇ. ಅದು ನನಗೆ ಗೊತ್ತಿತ್ತು. ಓದಲು ಬಾರದವನು ಓದಬಲ್ಲವನಿಗೆ ಕೊಡಬಹುದಲ್ಲ, ನಿವೃತ್ತಿಯಾದ ಮೇಲೆ ಪಕ್ಕದ ಕಾರ್ಖಾನೆ ಕರೆಯಬಹುದಲ್ಲ ಎಂದು ಅದಕ್ಕೂ ಉತ್ತರ ಹುಡುಕಿಕೊಂಡೆ.

ಸೋಮವಾರ ಮ್ಯಾನೇಜರರ ಹತ್ತಿರ ಹೋಗಿ, ಮೂರು ಕಡೆ ಬೇಡ ಸಾರ್, ಎಲ್ಲ ನನ್ನ ಹತ್ತಿರವೇ ಒಂದೇ ಬೀಗದಲ್ಲಿರಲಿ ಎಂದೆ. ಕಾರಣ ಬಿಡಿಸಿ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವರು ತಲೆಯಾಡಿಸಿ "ಅದು ತಾಂ ಸೇಫ್" ಎಂದು ತಮ್ಮ ತಮಿಳಿನಲ್ಲಿ ಒಪ್ಪಿದರು. ಆರು ಫ್ಲಾಪಿಗಳೂ ನನ್ನ ಡ್ರಾಕ್ಕೆ ಬಂದವು. ನಿದ್ದೆ ಚೆನ್ನಾಗಿ ಬಂತು. ಮೇಸ್ತ್ರಿ ಮಾತ್ರ ಒಂದು ದಿನ "ನಮ್ ಕಪಾಟ್ನಾಗಿದ್ದುದ್ನ ಯಾಕಮ್ಮ ತಕ್ಕಂಡೋದೆ?" ಎಂದು ಕೇಳಿದರು. ಸಾಹೇಬರ ಆರ್ಡರು ಎಂದೆ.

ಅಕ್ಟೋಬರಿನ ಹೊತ್ತಿಗೆ ಕೆಲಸ ಮುಗಿಯಿತು. ಆಮೇಲೆ ಹೇಳುತ್ತೇನೆ ಎಂದು ಬಿಟ್ಟಿದ್ದ ಡೈಗಳದ್ದನ್ನೂ ಮೇಸ್ತ್ರಿ ಒಂದೊಂದಾಗಿ ಹೇಳಿ ಮುಗಿಸಿದ್ದರು. ಹಬ್ಬ ಕಳೆದ ಮೇಲೆ ಪ್ರಿಂಟ್ ತೆಗೆಯುವುದೊಂದೇ ಬಾಕಿ.

ಆಯುಧಪೂಜೆಗೆ ನಮ್ಮ ಕಾರ್ಖಾನೆಯಲ್ಲಿ ಟೂಲ್ ರೂಮೇ ಗರ್ಭಗುಡಿ. ಯಾರ್‍ಯಾರು ಯಾವುದರಿಂದ ಕೆಲಸ ಮಾಡುತ್ತಾರೋ ಅದನ್ನು ತಂದು ಅಲ್ಲಿನ ದೊಡ್ಡ ಕಬ್ಬಿಣದ ಮೇಜಿನ ಮೇಲೆ ಅಮ್ಮನವರ ಪಟದ ಮುಂದೆ ಇಡಬೇಕು. ಇಟ್ಟದ್ದನ್ನು ಮಾರನೆಯ ದಿನ ವಿಜಯದಶಮಿಯ ಬೆಳಗಿನ ಪೂಜೆ ಆಗುವ ತನಕ ಯಾರೂ ಮುಟ್ಟುವಂತಿಲ್ಲ. ಸ್ಪ್ಯಾನರು, ಸ್ಕೇಲು, ಟೈಪ್‌ರೈಟರು, ಕ್ಯಾಂಟೀನಿನವರ ಸೌಟು, ಎಲ್ಲ ಬಂದಿದ್ದವು. ಕಂಪ್ಯೂಟರನ್ನು ಅದರ ಮಡಿ ಕೋಣೆಯಿಂದ ಎಬ್ಬಿಸುವಂತಿರಲಿಲ್ಲ, ಅದರ ಬದಲು ಫ್ಲಾಪಿಗಳನ್ನು ಇಡಮ್ಮಾ ಎಂದು ಮ್ಯಾನೇಜರ್ ಹೇಳಿದರು. ಬೇರೆಯವರ ಕೈಗೆ ಕೊಡುವ ಮಾತೆಲ್ಲಿ ಬಂತು? ನಾನೇ ಹೊತ್ತುಕೊಂಡು ಹೋದೆ. ಲಕೋಟೆಯೊಳಗೇ ಬಿಟ್ಟರೆ ಪೂಜೆ ಸಲ್ಲುತ್ತದೋ ಇಲ್ಲವೋ ಎಂಬ ಅನುಮಾನ ಬೇರೆ. ತೆಗೆದು ಮೂರು ಜೋಡಿಯಾಗಿ ಮೇಜಿನ ಮೇಲಿಟ್ಟೆ. ಕಾಗದದ ತೊಡುಗೆಗೆ ಮಾತ್ರ ಚೂರು ಅರಿಶಿನ ಕುಂಕುಮ ಮುಟ್ಟಿಸಿದೆ.

ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು, ತೊಡುಗೆಗಳು ಪಟಪಟ ಏಳುತ್ತಿದ್ದವು. ಹಾರಿ ಹೋದರೆ? ಜನ ನುಗ್ಗಿದಾಗ ಯಾರಾದರೂ ಒಂದನ್ನು ಎಳೆದುಕೊಂಡರೆ? ಟೂಲ್ ರೂಮಿನವರು ಕಾಗದ ಹಾರದಂತೆ ಮಾಡುವ ಉಪಾಯ ನನಗೆ ಗೊತ್ತಿತ್ತು. ಗಡಿಯಾರದ ಹಾಗಿರುವ ಅಳತೆಯ ಡಯಲ್ ಸಿಕ್ಕಿಸಲು ಅವರ ಹತ್ತಿರ ಮ್ಯಾಗ್ನೆಟ್ ಸ್ಟ್ಯಾಂಡುಗಳಿದ್ದವು. ಮುಷ್ಟಿ ಗಾತ್ರದ ಕಬ್ಬಿಣದ ತುಂಡು, ಪಕ್ಕದಲ್ಲಿ ಒಂದು ತಿರುಗಣಿ. ಈ ಕಡೆ ತಿರುಗಿಸಿದರೆ ಕಬ್ಬಿಣವನ್ನು ಕಚ್ಚಿ ಹಿಡಿಯುತ್ತದೆ, ಆ ಕಡೆ ತಿರುಗಿಸಿದರೆ ಬಿಡುತ್ತದೆ. ಡ್ರಾಯಿಂಗುಗಳನ್ನೆಲ್ಲ ಅವರು ಅದರಿಂದಲೇ ಮಿಷನ್ನಿನ ಮೈಗೆ ಅಂಟಿಸಿಡುತ್ತಿದ್ದರು. ಅಂಥ ಮೂರನ್ನು ತಂದು ಒಂದೊಂದು ಜೋಡಿಯ ಮೇಲೂ ಒಂದೊಂದನ್ನು ಇಟ್ಟು ತಿರುಗಣಿ ತಿರುಗಿಸಿದೆ. ಗಕ್ಕನೆ ಹಿಡಿಯಿತು. ಎಳೆದು ನೋಡಿದೆ, ಅಲ್ಲಾಡಲಿಲ್ಲ. ಎರಡು ಹೆಜ್ಜೆ ಹೋಗಿ, ವಾಪಸು ಬಂದು ಇನ್ನೊಮ್ಮೆ ಎಳೆದು ನೋಡಿದೆ.

ವಿಜಯದಶಮಿಯ ದಿನ ನಾನು ಹೋಗುವ ಹೊತ್ತಿಗೆ ಪೂಜೆ ಮುಗಿದಿತ್ತು. ಮೇಜು ಅರ್ಧ ಖಾಲಿಯಾಗಿತ್ತು. ನನ್ನ ಆರು ಫ್ಲಾಪಿಗಳು ಒಂದರ ಮೇಲೊಂದು ಓರಣವಾಗಿದ್ದವು, ಮೇಲೊಂದು ಸೇವಂತಿಗೆ. ಎಣಿಸಿಕೊಂಡು ಹೋಗಿ ಕಂಪ್ಯೂಟರಿಗೆ ಹಾಕಿದೆ. ಓದಲಾಗುತ್ತಿಲ್ಲ ಎಂದು ಪರದೆಯ ಮೇಲೆ ಬಂತು. ಎರಡನೆಯದನ್ನು ಹಾಕಿದೆ. ಆರನ್ನೂ ಹಾಕಿದೆ. ಎಂಟು ತಿಂಗಳಲ್ಲಿ ಬರೆದದ್ದರಲ್ಲಿ ಒಂದಕ್ಷರವೂ ಇರಲಿಲ್ಲ.

ಅಳು ಬರಲಿಲ್ಲ, ಅನುಮಾನ ಮೊದಲು ಬಂತು. ಹಿಂದಿನ ದಿನದ ಪೂಜೆಯಿಂದ ಬೆಳಗಿನ ತನಕ ಟೂಲ್ ರೂಮಿನ ಬೀಗದ ಕೈ ಯಾರ ಹತ್ತಿರ ಇತ್ತು? ಮೊದಲು ಬಂದು ಬಾಗಿಲು ತೆಗೆದವರು ಯಾರು? ನೆಟ್ಟಗೆ ಅಲ್ಲಿಗೆ ಹೋದೆ. ಹತ್ತಾರು ಜನರ ಮುಂದೆ "ಮೇಸ್ತ್ರೀ, ನನ್ನ ಫ್ಲಾಪಿಗೆ ಏನು ಮಾಡಿದಿರಿ? ಆವತ್ತು ನೀವು ಕದ್ದು ನೋಡಿದ್ದನ್ನ ನಾನು ಕಂಡಿದ್ದೀನಿ" ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಆ ಕಬ್ಬಿಣದ ಮೇಜನ್ನು ನೋಡಿದರು. ಬಾಯಿ ತೆರೆದರು, ಮುಚ್ಚಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂದುಕೊಂಡೆ ನಾನು. ಅಷ್ಟೇ ಸಾಕಾಯಿತು ನನಗೆ, ಮ್ಯಾನೇಜರರಿಗೂ ಸಾಕಾಯಿತು.

ಆವತ್ತಿನಿಂದ ಅವರು ನಿವೃತ್ತಿಯಾಗುವ ತನಕ ದಿನವೂ ಸಂಜೆ ಗೇಟಿನಲ್ಲಿ ಅವರ ಚೀಲ ತಪಾಸಣೆ ಮಾಡಿದರು. ಊಟದ ಡಬ್ಬಿಯನ್ನೂ ಬಿಚ್ಚಿಸಿ ನೋಡಿದರು. ಹೊರಗೆ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ಡಬ್ಬಿಯಲ್ಲಿ ಮುದ್ದೆಯ ಚೂರು ಅಂಟಿಕೊಂಡಿರುವುದು ಬಿಟ್ಟು ಏನೂ ಸಿಗಲಿಲ್ಲ. ಕೊನೆಯ ದಿನ ಹಾರ ಹಾಕಿಸಿಕೊಂಡ ಮನುಷ್ಯನ ಚೀಲವನ್ನೂ ಬಿಡಲಿಲ್ಲ. ನಾನು ಮೇಲಿನ ಕಿಟಕಿಯಿಂದ ನೋಡಿದೆ. ನಿಜ ಹೇಳುತ್ತೇನೆ, ನನಗೆ ಪಾಪ ಅನ್ನಿಸಲಿಲ್ಲ.

ನವೆಂಬರಿನಲ್ಲಿ ಬೆಂಗಳೂರಿನ ಇಂಜಿನಿಯರ್ ಬಂದ. ಫ್ಲಾಪಿಗಳನ್ನು ಪರೀಕ್ಷಿಸಿ, "ಯಾರೂ ಬೇಕೂಂತ ಅಳಿಸಿಲ್ಲ ಮೇಡಂ. ಪೂರ್ತಿ ಹಾಳಾಗಿದೆ. ಇದರ ಹತ್ತಿರ ಮ್ಯಾಗ್ನೆಟ್ ಏನಾದರೂ ಇಟ್ಟಿದ್ದಿರಾ? ಇದರಲ್ಲಿ ಬರೆಯೋದೇ ಆ ಲೆಕ್ಕದಲ್ಲಿ. ದೊಡ್ಡ ಮ್ಯಾಗ್ನೆಟ್ ಮೇಲೆ ಕೂತರೆ ಮುಗೀತು" ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಫ್ಲಾಪಿ ಮೇಲೆ ಯಾರು ಮೇಡಂ ಮ್ಯಾಗ್ನೆಟ್ ಇಡ್ತಾರೆ?" ಎಂದು ನಕ್ಕ.

ಗೊತ್ತಿಲ್ಲ ಎಂದೆ. ನಾಲ್ಕು ದಿನ ಹಾಗೇ ಕಳೆದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನನಗೆಂದೇ ಹುಟ್ಟಿದ ಹಾಗಿತ್ತು. ಆದರೆ ಬುದ್ಧಿ ಬಂದರೂ ಬಾಯಿ ಬರಲಿಲ್ಲ. ಎಲ್ಲರೂ ಮೇಸ್ತ್ರಿಯೇ ಮಾಡಿದ್ದು ಎಂದು ನಂಬಿ ಮರೆಯುತ್ತಿದ್ದರು. ಸುಮ್ಮನಿದ್ದರೆ ಸಾಕು, ನನ್ನ ಕೆಲಸಕ್ಕೆ ಏನೂ ಆಗುವುದಿಲ್ಲ. ಈ ಲೆಕ್ಕವನ್ನೂ ನಾನು ಹಾಕಿದೆ ಎಂಬುದು ಇವತ್ತಿಗೂ ನಾಚಿಕೆ. ಐದನೆಯ ದಿನ ಮ್ಯಾನೇಜರರಿಗೆ ಹೇಳಿದೆ. ತಪಾಸಣೆಗೆ ಆರ್ಡರು ಕೊಟ್ಟವರು ಅವರೇ ತಾನೆ? "ವೆಳಿಯಿಲ ಸೊಲ್ಲಾದೀಂಗಮ್ಮಾ" ಎಂದರು, ಹೊರಗೆ ಹೇಳಬೇಡಿ ಎಂದು. ಹೇಗಾದರೂ ಮಾಡಿ ಮೇಸ್ತ್ರಿಯನ್ನು ಕರೆತಂದು ಮತ್ತೆ ಬರೆದುಕೊಳ್ಳಬೇಕು, ಅಲ್ಲಿಯ ತನಕ ಖಾಯಂ ಮಾತು ಬೇಡ ಎಂದರು.

ಭಾನುವಾರ ಬೇರಿಕೆಗೆ ಹೋಗಿ, ಅಲ್ಲಿಂದ ಹೊಲದ ದಾರಿಯಲ್ಲಿ ನಡೆದು ಅವರ ಮನೆ ಮುಟ್ಟಿದೆ. ಮೇಸ್ತ್ರಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ.

"ಗೊತ್ತು ಕಣಮ್ಮ" ಎಂದರು.

"ಹೇಗೆ ಗೊತ್ತು?"

"ಬೆಳಗ್ಗೆ ಬಾಗ್ಲು ತೆಗ್ದಾಗ ಸ್ಟ್ಯಾಂಡು ಅದ್ರ ಮ್ಯಾಲೇ ಇದ್ವು. ಪೂಜೆ ಆದ್ಮ್ಯಾಲೆ ಎತ್ತಿ ಮಡಗಿದ್ದು ನಾನೇ. ಆಗ ಏನೂ ಒಳೀಲಿಲ್ಲ. ನೀನು ಬಂದು ಕೂಗಾಡಿದಾಗ ಒಳೀತು. ನಮ್ಮನ್ಯಾಗೆ ಟೇಪ್ ರೆಕಾರ್ಡ್ರು ಐತಲ್ಲ, ಅದ್ರ ಕ್ಯಾಸೆಟ್ ಮ್ಯಾಲೆ ಒಂದ್ಕಿತ ಮ್ಯಾಗ್ನೆಟ್ ಮಡಗಿ ಆಡೆಲ್ಲ ಓಗ್ಬುಟ್ಟಿದ್ವು."

"ಮತ್ತೆ ಯಾಕೆ ಹೇಳಲಿಲ್ಲ ಮೇಸ್ತ್ರಿ?"

"ಏಳಿದ್ರೆ ನಿನ್ ಕೆಲ್ಸ ಓಗ್ತಿತ್ತು. ನಾನೆಂಗಿದ್ರೂ ಮನೇಗೋಗೋನು."

ಇದನ್ನೂ ನಾನು ಒಂದು ಗಳಿಗೆ ನಂಬಲಿಲ್ಲ. ನನ್ನನ್ನು ಋಣದಲ್ಲಿ ಕೆಡವಲು ಹೇಳುತ್ತಿದ್ದಾರೆಯೇ ಎಂದು ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ಹಾಗಾದರೆ ಕಿಟಕಿಯ ಹತ್ತಿರ ಫ್ಲಾಪಿ ಹಿಡಿದು ನಿಂತದ್ದು ಯಾಕೆ ಎಂದು ಕೇಳಿಯೇಬಿಟ್ಟೆ.

"ಇಷ್ಟು ದಿನ ಏಳಿದ್ನಲ್ಲ, ಅದು ಅದ್ರೊಳಗೆ ಎಂಗೈತೆ ಅಂತ ನೋಡೋ ಆಸೆ. ಏನೂ ಕಾಣ್ಲಿಲ್ಲ ಬುಡು."

ನಾನು ಜಗಲಿಯ ಅಂಚಿಗೆ ಕೂತೆ. ಅಳು ಅವತ್ತು ಬಂತು. ಅವರ ಹೆಂಡತಿ ಒಳಗಿನಿಂದ ನೀರು ತಂದು, "ಕುಡೀ ತಾಯಿ" ಎಂದು ಚೊಂಬು ಕೈಗೆ ಕೊಟ್ಟರು. ಅಳು ನಿಂತ ಮೇಲೆ, ಕಾರ್ಖಾನೆಗೆ ಬಂದು ಇನ್ನೊಮ್ಮೆ ಹೇಳಿಕೊಡಿ ಎಂದು ಕೇಳಿದೆ. ಅವರ ದನಿ ಗಟ್ಟಿಯಾಯಿತು. "ಇಲ್ಲಿ ಬಂದು ಕೇಳು, ಏಳ್ತೀನಿ. ನನ್ ಡಬ್ಬಿ ಬಿಚ್ಚಿಸಿದ ಗೇಟು ಮಾತ್ರ ನಾ ದಾಟಾಕಿಲ್ಲ. ಅದೊಂದ್ ಕೇಳ್ಬ್ಯಾಡ."

ಅಲ್ಲಿಂದ ಮುಂದೆ ಭಾನುವಾರಗಳೆಲ್ಲ ಆ ಜಗಲಿಯ ಮೇಲೆ. ಈ ಸಲ ಕನ್ನಡದಲ್ಲೇ, ಅವರು ಹೇಳಿದ ಹಾಗೇ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೊದಮೊದಲು ಸರಾಗವಾಗಿ ಬಂತು. ಬರುಬರುತ್ತಾ ತಡವರಿಸತೊಡಗಿದರು. ಪ್ರೆಸ್ಸಿನ ಮುಂದೆ ನಿಂತರೆ ಕೈಗೆ ಬರುವುದು ಇಲ್ಲಿ ಬಾಯಿಗೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿ, ಇಲ್ಲದ ಬೋಲ್ಟನ್ನು ಗಾಳಿಯಲ್ಲಿ ತಿರುಗಿಸುವರು, ಇಲ್ಲದ ಡೈಯ ಮೇಲೆ ಅಂಗೈ ಆಡಿಸುವರು. ಅರ್ಧಕ್ಕಿಂತ ಹೆಚ್ಚು ಡೈಗಳು ಬಾಕಿ ಇರುವಾಗಲೇ ಒಂದು ಭಾನುವಾರ ಪೂರ್ತಿ ನಿಂತುಬಿಟ್ಟರು.

"ಅದೇ ಕಣಮ್ಮ, ಆ ಉದ್ದನೇ ಡೈ. ಅದ್ಕೆ ಯಾವ ಮೂಲೇಗೆ ಕಾಗ್ದ ಅಂತ ಏಳಿದ್ದೆ? ನಿನ್ನ ಎದ್ರಿಗೆ ಕೂತ್ಕಂಡೇ ಏಳಿದ್ದೆ. ನೀನು ಟಕಟಕ ಅಂತ ಒತ್ತಿದ್ದೆ. ನಿಂಗೆ ಗ್ಯಾಪಕ ಇರ್ಬೇಕಲ್ಲ?"

ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ಹೇಳುವ ಮೊದಲು ಅವರು ಉಸಿರು ಎಳೆದುಕೊಂಡದ್ದು, ದನಿ ತಗ್ಗಿಸಿದ್ದು, ಬಾಗಿಲ ಕಡೆ ಎರಡು ಸಲ ನೋಡಿದ್ದು, ಏನೋ ಮುಚ್ಚಿಡುತ್ತಿದ್ದಾರೆ ಎಂದು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡದ್ದು, ಎಲ್ಲ ನೆನಪಿತ್ತು. ಯಾವ ಮೂಲೆ ಎಂದು ಹೇಳಿದರು ಎಂಬುದು ಮಾತ್ರ ಇರಲಿಲ್ಲ. ಆಮೇಲಿನ ಡೈಗಳನ್ನು ನೆನೆಸಿಕೊಂಡು ನೋಡಿದೆ. ಅವುಗಳದ್ದೂ ಇರಲಿಲ್ಲ.

"ಇಲ್ಲ ಮೇಸ್ತ್ರಿ" ಎಂದೆ.

ಅವರು ಗಾಳಿಯಲ್ಲಿದ್ದ ಕೈ ಇಳಿಸಿ ತೊಡೆಯ ಮೇಲಿಟ್ಟುಕೊಂಡರು.

"ಅದ್ನೈದು ವರ್ಷದಾಗೆ ಯಾರೂ ಕೂರಿಸ್ಕಂಡು ಕೇಳಿರ್ಲಿಲ್ಲ. ನೀನು ಕೇಳಿಸ್ಕಂತಿದ್ದೀಯ ಅಂದ್ಕಂಡಿದ್ದೆ" ಎಂದರು.